ನೀಲಿ ಹಡಗು ಬಿಟ್ಟು ಬಂದ ದಿನ

ಯಾವ ಮನುಷ್ಯನಿಂದ ತಪ್ಪಿಸಿಕೊಳ್ಳಲೆಂದು ನಾನು ಹಡಗನ್ನೇ ಬದಲಾಯಿಸಿದ್ದೆನೋ, ಆ ಮನುಷ್ಯ ಬಿಳಿ ಹಡಗಿನ ಕ್ಯೂನಲ್ಲಿ ಸರಿಯಾಗಿ ನನ್ನ ಮುಂದೆಯೇ ನಿಂತಿದ್ದ.

ಮೊದಲು ಕಂಡದ್ದು ಬೆನ್ನು. ಬೂದು ಅಂಗಿ, ಒಂದು ಬದಿ ಒಳಕ್ಕೆ ಮಡಚಿಕೊಂಡ ಕಾಲರು. ಆ ಕಾಲರನ್ನು ಯಾರಾದರೂ ಸರಿಮಾಡಬಾರದೇ ಎಂದು ಇಡೀ ವಾರ ನನ್ನ ಕೈ ತುರಿಸುತ್ತಿತ್ತು. ನನ್ನ ಕೈ ಯಾಕೆ ತುರಿಸಬೇಕು? ಅದಕ್ಕೂ ನನಗೆ ಅವನ ಮೇಲೆಯೇ ಸಿಟ್ಟು.

ಅವನು ಪಾಸ್‌ಪೋರ್ಟಿಗಾಗಿ ಜೇಬು ತಡಕುತ್ತಾ ಹಿಂದಕ್ಕೆ ತಿರುಗಿದ. ನನ್ನನ್ನು ನೋಡಿದ್ದೇ ಕೈ ಜೇಬಿನಲ್ಲೇ ನಿಂತಿತು.

“ನೀವು ಇಲ್ಲೇನು ಮಾಡ್ತಿದ್ದೀರಿ?” ಎಂದೆ.

“ಅದನ್ನ ನಾನು ಕೇಳ್ಬೇಕು.”

“ನಿಮ್ಮ ಹಡಗು ಆ ಕಡೆ ಇದೆ. ನೀಲಿ ಬಣ್ಣದ್ದು. ಅಷ್ಟು ದೊಡ್ಡದು ಕಣ್ಣಿಗೆ ಬೀಳ್ಲಿಲ್ವಾ?”

“ನಿಮ್ಮದೂ ಅದೇ ಅಲ್ವಾ ಡಾಕ್ಟ್ರೇ?”

“ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?”

ಕ್ಯೂನಲ್ಲಿದ್ದವರೆಲ್ಲ ನಮ್ಮನ್ನೇ ನೋಡಿದರು. ನೋಡಲಿ. ನನ್ನ ಸಿಟ್ಟಿನಲ್ಲಿ ನ್ಯಾಯವಿತ್ತು. ಅದು ತಿಳಿಯಬೇಕಾದರೆ ಹಿಂದಿನ ವಾರದ ಕಥೆ ಹೇಳಬೇಕು.

ನಾನು ಹಲ್ಲು ಮಾಡುವವಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ನನ್ನ ಲ್ಯಾಬಿನಲ್ಲಿ ಕೂತು ಮೇಣದ ಮೇಲೆ ಹಲ್ಲು ಜೋಡಿಸಿ ಸೆಟ್ಟು ತಯಾರು ಮಾಡುತ್ತೇನೆ. ದಿನವಿಡೀ ಮಾತಾಡದ ಬಾಯಿಗಳ ಜೊತೆ ಇದ್ದೂ ಇದ್ದೂ ಮಾತಾಡುವ ಬಾಯಿಗಳನ್ನು ಕಂಡರೆ ನನಗೆ ತಾಳ್ಮೆ ಇಲ್ಲದಂತಾಗಿದೆ ಎಂದು ಅತ್ತೆ ಹೇಳುತ್ತಾರೆ.

ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವರು ಅವರೇ. ಮದುವೆಯಾಗಲಿಲ್ಲ. ಡ್ರೈವಿಂಗ್ ಸ್ಕೂಲ್ ನಡೆಸಿ ಊರಿನ ಅರ್ಧ ಜನಕ್ಕೆ ಕ್ಲಚ್ ಬಿಡುವುದನ್ನು ಕಲಿಸಿದರು. ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ತುಳಿದು ತುಳಿದು ಅಭ್ಯಾಸವಾಗಿ, ಈಗ ಟಿವಿ ನೋಡುವಾಗಲೂ ಅವರ ಕಾಲು ನೆಲ ಒತ್ತುತ್ತದೆ.

ಸ್ಕೂಲ್ ಮುಚ್ಚಿದ ದಿನ ಅವರೇ ಹೇಳಿದ್ದು. “ಜನ್ಮವಿಡೀ ಬೇರೆಯವರು ಓಡಿಸೋ ಗಾಡಿಯಲ್ಲಿ ಬ್ರೇಕ್ ಮೇಲೆ ಕಾಲಿಟ್ಕೊಂಡು ಕೂತಿದ್ದೆ. ಬ್ರೇಕೇ ಇಲ್ಲದ ಯಾವುದಾದ್ರೂ ಗಾಡಿಯಲ್ಲಿ ಹೋಗೋಣ ನಡಿ.” ಹಾಗೆ ನಾವು ಎರಡು ವಾರದ ಪ್ರವಾಸಕ್ಕೆಂದು ನೀಲಿ ಹಡಗು ಹತ್ತಿದ್ದು.

ಮೊದಲ ದಿನ ಊಟಕ್ಕೆ ನಾಲ್ಕು ಕುರ್ಚಿಯ ಟೇಬಲ್ ಕೊಟ್ಟರು. ಎದುರಿನ ಎರಡು ಕುರ್ಚಿಯಲ್ಲಿ ಒಬ್ಬ ಅಪ್ಪ, ಒಬ್ಬ ಮಗ. ಅಪ್ಪ ಸ್ಕೂಲಿನಲ್ಲಿ ಆಟದ ಮೇಷ್ಟ್ರಾಗಿದ್ದು, ಫುಟ್‌ಬಾಲ್ ಮ್ಯಾಚುಗಳಿಗೆ ರೆಫರಿಯಾಗಿ ಓಡಿ ರಿಟೈರಾದವರು. ನಾವು ಅವರನ್ನು ರೆಫರಿ ಎಂದೇ ಕರೆಯತೊಡಗಿದೆವು. ಮಗ ಲಿಫ್ಟ್ ರಿಪೇರಿಯವನು. ಅವನನ್ನು ನಾನು ಏನೂ ಕರೆಯಲಿಲ್ಲ.

“ಇವಳು ಹಲ್ಲಿನ ಕೆಲಸ ಮಾಡೋದು,” ಎಂದು ಅತ್ತೆ ಪರಿಚಯ ಮಾಡಿಸಿದರು.

“ನಮಸ್ಕಾರ ಡಾಕ್ಟ್ರೇ,” ಎಂದ ಅವನು.

“ನಾನು ಡಾಕ್ಟರಲ್ಲ.”

“ಮತ್ತೆ ನಾನು ಬಂದಾಗಿಂದ ನನ್ನ ಬಾಯನ್ನೇ ನೋಡ್ತಿದ್ದೀರಲ್ಲ.”

ನೋಡುತ್ತಿದ್ದೆ, ನಿಜ. ಅವನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಚೂರೇ ಚೂರು ಹತ್ತಿಕೊಂಡಿತ್ತು. ನಕ್ಕರೆ ಅದು ಮೊದಲು ಕಾಣುತ್ತಿತ್ತು. “ಕೆಲಸದ ಅಭ್ಯಾಸ,” ಎಂದೆ.

“ಸರಿ ಮಾಡ್ಬಹುದಾ ಇದನ್ನ?”

“ಬೇಡ, ಹಾಗೇ ಇರ್ಲಿ,” ಎಂಬ ಮಾತು ಬಾಯಿ ತಪ್ಪಿ ಬಂತು. ಅವನು ನಕ್ಕ. ನಾನು ಸೂಪಿನ ಬಟ್ಟಲಿಗೆ ಮುಖ ಹಾಕಿದೆ. ಕಿವಿ ಯಾಕೆ ಬಿಸಿಯಾಯಿತೋ, ಸೂಪಂತೂ ಆರಿಹೋಗಿತ್ತು.

ಅದಿರಲಿ. ನನ್ನ ತಲೆ ಕೆಡಿಸಿದ್ದು ರೆಫರಿ. ಒಂದು ಮ್ಯಾಚಿನಲ್ಲಿ ನಾಯಿ ಮೈದಾನಕ್ಕೆ ನುಗ್ಗಿ ಚೆಂಡನ್ನು ಗೋಲಿನೊಳಗೆ ತಳ್ಳಿದ್ದನ್ನೂ, ನಾಯಿ ಯಾವ ತಂಡದ್ದು ಎಂದು ಎರಡು ಕಡೆಯವರೂ ತಮ್ಮನ್ನು ಮುತ್ತಿಕೊಂಡಿದ್ದನ್ನೂ ಅವರು ಹೇಳಿದರು. ಅತ್ತೆ ನಕ್ಕರು. ಕಣ್ಣೊರೆಸಿಕೊಂಡು ನಕ್ಕರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ನಗುವನ್ನು ನಾನು ಕೇಳಿರಲಿಲ್ಲ. ಪರಿಚಯವಾಗಿ ಒಂದು ಊಟದ ಹೊತ್ತೂ ಆಗದ ಮನುಷ್ಯ ಅದನ್ನು ಹೊರಡಿಸಿಬಿಟ್ಟರು.

ಆಮೇಲೆ ಇಬ್ಬರೂ ಡೆಕ್ಕಿನಲ್ಲಿ ವಾಕಿಂಗ್, ಇಬ್ಬರೂ ಇಸ್ಪೀಟು. ಪೆಟ್ಟಿಗೆಯ ತಳದಲ್ಲಿದ್ದ ಓಲೆ ಅತ್ತೆಯ ಕಿವಿಗೆ ಬಂತು. ನನಗೆ ಇರುವುದು ಒಬ್ಬರೇ ಒಬ್ಬರು ಮನುಷ್ಯರು. ಅವರನ್ನು ಯಾರೋ ಸೀಟಿ ಊದುವವರು ಕರೆದುಕೊಂಡು ಹೋಗಿಬಿಟ್ಟರೆ ನಾನು ಯಾರ ಜೊತೆ ಕೂತು ಊಟ ಮಾಡಲಿ? ಈ ಪ್ರಶ್ನೆಯನ್ನು ನಾನು ನೇರವಾಗಿ ಯಾರನ್ನೂ ಕೇಳಲಿಲ್ಲ. ಲಿಫ್ಟಿನ ಬಾಗಿಲ ಬಳಿ ಅವರ ಮಗನನ್ನು ಅಡ್ಡಗಟ್ಟಿದೆ.

“ನಿಮ್ಮ ತಂದೆಗೆ ಸ್ವಲ್ಪ ಹೇಳಿ.”

“ಏನಂತ?”

“ನಮ್ಮತ್ತೆ ಹಿಂದೆ ಸುತ್ತೋದು ಬೇಡ ಅಂತ.”

“ಸುತ್ತೋದಾ?” ಅವನ ದನಿಯೂ ಏರಿತು. “ನಮ್ಮಪ್ಪ ತಮ್ಮ ಪಾಡಿಗೆ ಕೂತು ಟೀ ಕುಡೀತಿದ್ರು. ಇಸ್ಪೀಟು ಹಿಡ್ಕೊಂಡು ಬಂದು ಕೂತವರು ನಿಮ್ಮತ್ತೆ. ನಮ್ಮಮ್ಮ ಹೋದ ಮೇಲೆ ಅಪ್ಪನ ಮನಸ್ಸು ಮೆತ್ತಗಾಗಿದೆ. ಯಾರಾದ್ರೂ ಎರಡು ಮಾತಾಡಿದ್ರೆ ನಂಬಿಬಿಡ್ತಾರೆ.”

“ನಮ್ಮತ್ತೆ ಏನು ಮೋಸಗಾತಿನಾ?”

“ನಮ್ಮಪ್ಪ ಏನು ಪೋಲಿನಾ?”

ಜಗಳ ಅಲ್ಲಿ ಶುರುವಾದದ್ದು. ದಿನವೂ ಅದೇ ಜಾಗ. ನಾನು ಅವನ ಅಪ್ಪನ ತಪ್ಪು ಎತ್ತಿ ಆಡುವುದು, ಅವನು ನನ್ನ ಅತ್ತೆಯದು. ಒಂದು ದಿನ ಅವನು ಬರುವುದು ತಡವಾಯಿತು. ನಾನು ಲಿಫ್ಟಿನ ಗುಂಡಿ ಒತ್ತುವುದು, ಬಾಗಿಲು ತೆರೆದರೆ ಒಳಗೆ ಹೋಗದೆ ನಿಲ್ಲುವುದು, ಮತ್ತೆ ಒತ್ತುವುದು, ಹೀಗೇ ಮಾಡುತ್ತಿದ್ದೆ. ಜಗಳಕ್ಕೆ ಕಾಯುತ್ತಿದ್ದೇನೆ ಎಂದು ಹೊಳೆದಾಗ ಮೈಯೆಲ್ಲ ಉರಿದುಹೋಯಿತು.

ಆ ವಾರದ ಕೊನೆಯ ಸಂಜೆ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಅವನು ಗೋಡೆಗೆ ಅಂಗೈ ಆನಿಸಿ ನಿಂತಿದ್ದ. “ಒಂದು ನಿಮಿಷ ಜಗಳ ನಿಲ್ಸಿ. ಕಿವಿ ಇಟ್ಟು ಕೇಳಿ, ಮೇಲೆ ಹೋಗುವಾಗ ಇದು ಉಸಿರು ಎಳ್ಕೊಳ್ಳುತ್ತೆ.”

ನಾನೂ ಕಿವಿ ಇಟ್ಟೆ. ಹೌದು, ಸಣ್ಣದೊಂದು ಸದ್ದು. ತಲೆ ಎತ್ತಿದರೆ ಅವನ ಮುಖ ಇಷ್ಟೇ ಹತ್ತಿರವಿತ್ತು. ಅವನ ರೆಪ್ಪೆಯ ಅಂಚಿನಲ್ಲಿ ಉಪ್ಪುಗಾಳಿಗೆ ಕೂತ ತೇವ ಕಾಣುವಷ್ಟು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ಸರಿಯಿತು, ಐಸ್‌ಕ್ರೀಮು ಹಿಡಿದ ಮುದುಕ ಮುದುಕಿ ನಮ್ಮನ್ನು ನೋಡಿ ಹಿಂದಕ್ಕೆ ಸರಿದರು. ನಾನು ಯಾವ ಮಹಡಿಯೆಂದೂ ನೋಡದೆ ಇಳಿದು ನಡೆದೆ.

ಇನ್ನೊಂದು ವಾರ ಇದನ್ನೆಲ್ಲ ತಡೆದುಕೊಳ್ಳುವುದು ನನ್ನಿಂದಾಗದ ಕೆಲಸ ಎಂದು ತೀರ್ಮಾನಿಸಿದೆ. ಅತ್ತೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಹಡಗು ಬಂದರಿನಲ್ಲಿ ನಿಂತಿತು. ಪಕ್ಕದಲ್ಲೇ ಅದೇ ಕಂಪನಿಯ ಬಿಳಿ ಹಡಗು. ಒಂದು ವಾರದವರು ಇಳಿದು ಹೋಗುವ, ಹೊಸಬರು ಹತ್ತುವ ದಿನ ಅದು. ನಮ್ಮ ಹಾಗೆ ಎರಡನೇ ವಾರಕ್ಕೂ ಉಳಿಯುವವರು ಬೇಕಾದರೆ ಆ ಹಡಗಿಗೆ ಬದಲಾಯಿಸಿಕೊಳ್ಳಬಹುದು, ರೂಮು ಖಾಲಿ ಇದ್ದರೆ ಸಾಕು ಎಂದು ಕೌಂಟರಿನವರು ಹೇಳಿದರು. ನಾನು ಬದಲಾಯಿಸಿಕೊಂಡು ಬಂದು ಅತ್ತೆಯ ಮಂಚದ ತುದಿಯಲ್ಲಿ ಹೊಟ್ಟೆ ಹಿಡಿದು ಕೂತೆ.

“ಅತ್ತೆ, ಈ ಹಡಗು ನನಗೆ ಆಗ್ತಿಲ್ಲ. ವಾಂತಿ ಬರೋ ಹಾಗೆ ಆಗುತ್ತೆ. ಆ ಬಿಳಿ ಹಡಗು ದೊಡ್ಡದಂತೆ, ಅಲುಗಾಡೋದೇ ಇಲ್ವಂತೆ.”

ಅತ್ತೆ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. “ಆಗ್ಲಿ,” ಎಂದರು. “ಅವರಿಗೆ ಒಂದು ಮಾತು ಹೇಳಿ ಬರ್ತೀನಿ.”

“ಟೈಮಿಲ್ಲ ಅತ್ತೆ.”

ಅವರು ಎರಡೂ ಓಲೆ ಬಿಚ್ಚಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಅದನ್ನು ನೋಡಿದೆ. ನೋಡಿಯೂ ಪೆಟ್ಟಿಗೆಯ ಜಿಪ್ಪು ಎಳೆಯುವುದರಲ್ಲಿ ಮಗ್ನಳಾದವಳ ಹಾಗೆ ಮಾಡಿದೆ.

ಇಷ್ಟೆಲ್ಲ ಮಾಡಿ, ಪೆಟ್ಟಿಗೆಗಳನ್ನು ಆ ಹಡಗಿಗೆ ಸಾಗಿಸಿ, ಅತ್ತೆಯನ್ನು ಬಂದರಿನ ಉದ್ದನೆಯ ಹಾಲಿನಲ್ಲಿ ಒಂದು ಕುರ್ಚಿಯ ಮೇಲೆ ಕೂರಿಸಿ ಕ್ಯೂಗೆ ಬಂದರೆ, ಮುಂದೆ ಇವನು.

“ನಮ್ಮ ಹಿಂದೆ ಬಂದಿದ್ದೀರಿ ಅಲ್ವಾ?” ಎಂದೆ.

“ನಾನು ಕ್ಯೂನಲ್ಲಿ ನಿಮ್ಮ ಮುಂದೆ ಇದ್ದೀನಿ. ಮುಂದೆ ಇರೋನು ಹಿಂದೆ ಬರೋದು ಹೇಗೆ?”

“ಯಾರ ಹತ್ರ ವಿಚಾರಿಸಿದ್ರಿ? ಕೌಂಟರಿನವರ ಹತ್ರಾನಾ?”

“ರೀ, ನಿಮ್ಮತ್ತೆಯಿಂದ ಅಪ್ಪನ್ನ ದೂರ ಕರ್ಕೊಂಡು ಹೋಗೋಕೆ ಅಂತ ನಾನು ಬೆಳಿಗ್ಗೆ ತಿಂಡಿ ಬಿಟ್ಟು ಓಡಾಡಿ ಈ ಹಡಗು ಹಿಡಿದಿದ್ದೀನಿ. ನೀವು ನೋಡಿದ್ರೆ ಇಲ್ಲೂ...”

ಅವನ ಮಾತು ಅಲ್ಲಿಗೇ ನಿಂತಿತು. ನನಗೂ ಆಗಲೇ ಅರ್ಥವಾದದ್ದು. ಅವರಿಂದ ದೂರವಾಗಲು ನಾವು, ನಮ್ಮಿಂದ ದೂರವಾಗಲು ಅವರು, ಇಬ್ಬರೂ ಒಂದೇ ಬೆಳಿಗ್ಗೆ ಒಂದೇ ಹಡಗಿಗೆ ಓಡಿಬಂದಿದ್ದೆವು. ಕೌಂಟರಿನವರು ಒಂದು ಮಾತು ಹೇಳಬಾರದಿತ್ತೇ ಎಂದು ಅವರ ಮೇಲೂ ಸಿಟ್ಟು ಬಂತು.

ಅತ್ತೆ ಎಲ್ಲಿ ಎಂದು ತಿರುಗಿ ನೋಡಿದೆ. ನೀರಿನ ಬಾಟಲಿ ತರಲು ಹೋಗಿದ್ದ ರೆಫರಿ ಅದೇ ಹೊತ್ತಿಗೆ ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತಿದ್ದರು.

ಅತ್ತೆ ಬೆಳಿಗ್ಗೆಯಿಂದ ಒಂದು ಮಾತೂ ಹೆಚ್ಚು ಆಡಿರಲಿಲ್ಲ. ಈಗ ಅವರ ಮುಖ ಅರಳಿದ್ದನ್ನು ಅಷ್ಟು ದೂರದಿಂದಲೇ ಕಂಡೆ. ಅದರಲ್ಲಿ ಗುಟ್ಟು ಮಾಡುವಂಥದ್ದೇನೂ ಇರಲಿಲ್ಲ. ರೆಫರಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ನಾವಿಬ್ಬರೂ ಓಡಿದೆವು.

“ನಿಮಗೂ ವಾಂತಿನಾ?” ಎಂದು ಅತ್ತೆ ಅವರನ್ನು ಕೇಳುತ್ತಿದ್ದರು.

“ವಾಂತಿಯಾ? ಇಲ್ಲಪ್ಪ. ನನ್ನ ಮಗನಿಗೆ ಆ ಹಡಗಿನ ಲಿಫ್ಟ್ ಮೇಲೆ ಅನುಮಾನವಂತೆ. ಯಾವಾಗ ಏನಾಗುತ್ತೋ ಅಂತ ಅವನಿಗೆ ನಿದ್ದೆಯೇ ಬರ್ತಿಲ್ಲವಂತೆ. ಅದಕ್ಕೆ ಆಯ್ತು ಮಗಾ, ನಡಿ ಅಂದೆ.”

ಅತ್ತೆ ನನ್ನ ಕಡೆ ತಿರುಗಿದರು. ರೆಫರಿ ಮಗನ ಕಡೆ ತಿರುಗಿದರು.

“ಲಿಫ್ಟ್ ಏನಾಗಿತ್ತೋ?” ಎಂದರು ರೆಫರಿ.

ಅವನು ನೆಲ ನೋಡಿದ. “ಚೆನ್ನಾಗೇ ಇತ್ತು ಅಪ್ಪ.”

“ನಿನ್ನ ಹೊಟ್ಟೆ?” ಎಂದರು ಅತ್ತೆ. “ವಾಂತಿ ಅಂದವಳು ಹಡಗು ಇಳಿದು ಬಂದ್ಮೇಲೆ ಎರಡು ಪ್ಲೇಟು ಆಮ್ಲೆಟ್ ತಿಂದ್ಯಲ್ಲ. ಪಾಪ, ಧೈರ್ಯ ಮಾಡಿ ತಿಂತಿದ್ದಾಳೆ ಅಂದ್ಕೊಂಡೆ ನಾನು.”

ಕಲಿಯುವವರು ಕಾರನ್ನು ಗೋಡೆಗೆ ನುಗ್ಗಿಸಲು ಹೊರಟಾಗಲೂ ಅತ್ತೆ ದನಿ ಏರಿಸಿದವರಲ್ಲ. ಕೋಪ ಬಂದಷ್ಟೂ ಅವರ ದನಿ ಇಳಿಯುತ್ತದೆ. ಈಗ ಅದು ಎಷ್ಟು ಇಳಿದಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು.

“ಒಂದು ವಾರ ಜೊತೆಗೆ ಕೂತು ಉಂಡ ಮನುಷ್ಯನಿಗೆ ಹೋಗ್ತೀನಿ ಅಂತಲೂ ಹೇಳದೆ ಕಳ್ಳರ ಹಾಗೆ ಇಳಿದು ಬಂದೆ ನಾನು. ನಿನ್ನ ಹೊಟ್ಟೆ ಕೆಟ್ಟಿದೆ ಅಂತ ಬಾಯಿ ಮುಚ್ಕೊಂಡೆ.”

“ಅತ್ತೆ, ನಿಮ್ಮ ಒಳ್ಳೇದಕ್ಕೇ ನಾನು...”

“ನನ್ನ ಒಳ್ಳೇದು ನನಗೆ ಗೊತ್ತಾಗಲ್ವಾ? ನಿನ್ನನ್ನ ಸಾಕಿದವಳು ನಾನು ಕಣೇ. ನೀನು ನನ್ನನ್ನ ಸಾಕ್ತಿಲ್ಲ.”

ಉತ್ತರ ಹೊಳೆಯದಿದ್ದರೆ ನನಗೆ ಸಿಟ್ಟು ಬರುತ್ತದೆ. “ನೀವು ಹೋಗ್ಬಿಟ್ರೆ ನಾನೇನು ಮಾಡ್ಲಿ ಅಂತ ಯೋಚನೆ ಮಾಡಿದ್ದೀರಾ?” ಎಂದು ಅಷ್ಟು ಜನರ ನಡುವೆ ಕೂಗಿಬಿಟ್ಟೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೆನ್ನೆಯ ಮೇಲೆ ಕೈಯಿಟ್ಟರು. “ಇದಾ ವಿಷಯ? ಇದನ್ನ ಹೇಳೋಕೆ ಹೊಟ್ಟೆ ಹಿಡ್ಕೊಂಡು ನಾಟಕ ಆಡ್ಬೇಕಿತ್ತಾ? ನಾನು ಎಲ್ಲೂ ಹೋಗಲ್ಲ. ಆದರೆ ಒಂದು ವಾರ ನನ್ನನ್ನ ಯಾರೂ ಕಾಯಬಾರದು. ನಕ್ಕರೆ ಎದುರಿಗೆ ಕೂತು ನೀನು ಮುಖ ಊದಿಸ್ಕೋಬಾರದು.” ಕೈ ತೆಗೆದು ಅವರು ರೆಫರಿಯನ್ನು ಕೇಳಿದರು. “ನೀಲಿ ಹಡಗಲ್ಲಿ ನಮ್ಮ ರೂಮು ಇನ್ನೂ ಖಾಲಿ ಇರಬಹುದಾ?”

“ಕೇಳೋಣ ಬನ್ನಿ,” ಎಂದರು ರೆಫರಿ. ಅವರು ತಕ್ಷಣ ಹಾಗೆಂದದ್ದು ನನಗೆ ಸ್ವಲ್ಪವೂ ಸರಿಬರಲಿಲ್ಲ.

ಕೌಂಟರಿನಲ್ಲಿ ಕುತ್ತಿಗೆಗೆ ಸ್ಕಾರ್ಫ್ ಕಟ್ಟಿದ ಹುಡುಗಿ ಕಂಪ್ಯೂಟರ್ ನೋಡಿ, ಅತ್ತೆಯನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದಳು. “ಮೇಡಂ, ಬೆಳಿಗ್ಗೆ ತಾನೇ ಆ ಹಡಗಿಂದ ಈ ಹಡಗಿಗೆ ಬದಲಾಯಿಸಿದ್ದೀರಿ. ಈಗ ಈ ಹಡಗಿಂದ ಆ ಹಡಗಿಗಾ?”

“ಹೌದಮ್ಮ.”

“ಒಂದೇ ದಿನದಲ್ಲಾ?”

“ಯಾರೂ ಹಾಗೆ ಮಾಡಿಲ್ವಾ?”

“ನಾನು ನೋಡಿಲ್ಲ ಮೇಡಂ.”

“ಹಾಗಾದ್ರೆ ಇವತ್ತು ನೋಡಮ್ಮ.”

“ಎರಡೂ ರೂಮು ಖಾಲಿ ಇದೆ ಮೇಡಂ, ಆದ್ರೆ ನಿಮ್ಮ ಪೆಟ್ಟಿಗೆ ಆಗಲೇ ಬಿಳಿ ಹಡಗಿನ ಒಳಗೆ ಹೋಗಿದೆ.”

“ಹೋಗ್ಲಿ ಬಿಡು. ಮಾತ್ರೆ ಕೈಚೀಲದಲ್ಲಿದೆ. ಬಟ್ಟೆ ಹಡಗಿನ ಅಂಗಡಿಯಲ್ಲಿ ಸಿಗುತ್ತೆ. ಈ ಸಲ ಸ್ವಲ್ಪ ಬಣ್ಣದ್ದೇ ತಗೋತೀನಿ.”

ನಾನೂ ಕೌಂಟರಿಗೆ ನುಗ್ಗಿದೆ. “ನನಗೂ ಬದಲಾಯಿಸಿ. ನಾನೂ ಬರ್ತೀನಿ.”

“ನೀನಾ?” ಅತ್ತೆ ಹುಬ್ಬೇರಿಸಿದರು. “ಆ ಹಡಗಲ್ಲಿ ನಿನಗೆ ವಾಂತಿ ಬರುತ್ತಲ್ಲ. ಇದು ಅಲುಗಾಡೋದೇ ಇಲ್ವಂತೆ. ಇಲ್ಲೇ ಇರು.”

ಅವನು ತನ್ನ ಅಪ್ಪನ ತೋಳು ಹಿಡಿದ. “ಅಪ್ಪ, ನಾನು...”

ರೆಫರಿ ಅಂಗಿಯ ಜೇಬಿನಿಂದ ಇಲ್ಲದ ಕೆಂಪು ಕಾರ್ಡೊಂದನ್ನು ತೆಗೆದು ಮಗನ ಮುಖದ ಮುಂದೆ ಎತ್ತಿ ಹಿಡಿದರು. ಅದನ್ನು ಅಷ್ಟೇ ಗಂಭೀರವಾಗಿ ನನಗೂ ತೋರಿಸಿದರು. “ಇಬ್ಬರೂ ಹೊರಗೆ. ಈ ಮ್ಯಾಚಿನಲ್ಲಿ ಇನ್ನು ನಿಮಗೆ ಆಟವಿಲ್ಲ.”

ಅತ್ತೆ ನಕ್ಕರು. ಅದೇ ನಗು. ಆ ಹಾಲಿನ ಉದ್ದಕ್ಕೂ ಇಬ್ಬರೂ ಪೆಟ್ಟಿಗೆಯಿಲ್ಲದೆ, ಕೈ ಬೀಸಿಕೊಂಡು ನಡೆದು ಹೋದರು. ಅತ್ತೆ ಒಂದು ಸಲವೂ ತಿರುಗಿ ನೋಡಲಿಲ್ಲ.

ನೀಲಿ ಹಡಗು ಮೊದಲು ಹೊರಟಿತು.

ನಾನು ಬಿಳಿ ಹಡಗಿನ ಮೇಲಿನ ಡೆಕ್ಕಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಬಿಸಿಲು ಇಳಿಯುತ್ತಿತ್ತು. ನೀಲಿ ಹಡಗಿನ ಡೆಕ್ಕಿನಲ್ಲಿ ಅತ್ತೆ ಕಂಡರು. ಪಕ್ಕದಲ್ಲಿ ರೆಫರಿ ಕೈಗಳನ್ನು ಆಡಿಸುತ್ತಾ ಏನೋ ಹೇಳುತ್ತಿದ್ದರು. ಅತ್ತೆ ನನಗೆ ಕೈ ಬೀಸಿದರು, ಆಮೇಲೆ ಅವರ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಕ್ಕರು. ಸದ್ದು ಇಲ್ಲಿಯವರೆಗೆ ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅದು ದುಃಖಕ್ಕೆ ಬಂದದ್ದಲ್ಲ. ಅವರು ಅಷ್ಟು ಸುಖವಾಗಿ ಕಂಡರಲ್ಲ, ಆ ಸುಖವನ್ನು ನಾನು ಬೆಳಿಗ್ಗೆ ಓಲೆಯ ಜೊತೆ ಡಬ್ಬಿಯೊಳಗೆ ಹಾಕಿಸಿಬಿಟ್ಟಿದ್ದೆನಲ್ಲ ಎಂದು ನಾಚಿಕೆಯಾಗಿ ಬಂತು.

ಯಾರೋ ಬಂದು ಪಕ್ಕದಲ್ಲಿ ನಿಂತರು. ನೋಡದೆಯೇ ಗೊತ್ತಾಯಿತು.

“ಈ ಹಡಗಿನಲ್ಲಿ ಬೇರೆ ಜಾಗ ಇಲ್ವಾ ನಿಮಗೆ?” ಎಂದೆ.

“ಇದೆ. ಎಲ್ಲಾ ಕಡೆ ಹೋಗಿ ನೋಡ್ಕೊಂಡು ಬಂದೆ. ಎಲ್ಲೂ ಜಗಳ ಆಡೋಕೆ ಯಾರೂ ಇಲ್ಲ.”

ನಾನು ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡೆ. ಅವನು ಸಮುದ್ರ ನೋಡುವವನ ಹಾಗೆ ಮುಖ ತಿರುಗಿಸಿಕೊಂಡ. ಅಷ್ಟು ಮರ್ಯಾದೆ ಅವನಿಗೆ ಗೊತ್ತಿತ್ತು ಎಂಬುದೂ ನನಗೆ ಸಹಿಸಲಾಗಲಿಲ್ಲ.

“ಅವರಿಬ್ಬರೂ ಮದುವೆ ಆದ್ರೆ ನಾನು ನಿಮಗೆ ಏನಾಗ್ತೀನಿ, ಯೋಚನೆ ಮಾಡಿದ್ದೀರಾ?” ಎಂದ.

“ಏನೂ ಆಗಲ್ಲ.”

“ಅತ್ತೆ ಮಗ.”

ತಿರುಗಿ ಅವನನ್ನು ನೋಡಿದೆ. ಅವನ ಮುಖ ಗಂಭೀರವಾಗಿತ್ತು, ತುಟಿಯ ತುದಿ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಆ ಹತ್ತಿಕೊಂಡ ಹಲ್ಲು ಇಣುಕಿತು.

“ಇಂಥಾ ಹೊತ್ತಲ್ಲಿ ತಮಾಷೆ ಬೇರೆ ನಿಮಗೆ.”

“ತಮಾಷೆ ಅಲ್ಲ. ನಿಜ ಹೇಳೋ ಧೈರ್ಯ ಬರ್ತಿಲ್ಲ, ಅದಕ್ಕೆ ಸುತ್ತಿ ಬಳಸಿ ಬರ್ತಿದ್ದೀನಿ.” ಅವನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬೆರಳ ಗೆಣ್ಣುಗಳಲ್ಲಿ ಗ್ರೀಸಿನ ಕಪ್ಪು ಗೆರೆಗಳು, ಎಷ್ಟು ತೊಳೆದರೂ ಹೋಗದಂಥವು. “ಅಪ್ಪನ್ನ ಕಾಪಾಡೋಕೆ ಹಡಗು ಬದಲಾಯಿಸಿದೆ ಅಂತ ನಿಮಗೆ ಹೇಳಿದ್ನಲ್ಲ, ಸುಳ್ಳು. ನಿಮ್ಮತ್ತೆ ಒಳ್ಳೆಯವರು ಅಂತ ನನಗೆ ಎರಡನೇ ದಿನಕ್ಕೇ ಗೊತ್ತಾಗಿತ್ತು.”

“ಗೊತ್ತಿದ್ದೂ ದಿನಾ ಬಂದು ಜಗಳ ಆಡಿದ್ರಾ?”

“ಆಡದಿದ್ರೆ ನೀವು ಬರ್ತಿದ್ರಾ?”

ನೀಲಿ ಹಡಗು ಬಂದರಿನ ಬಾಯಿ ದಾಟುತ್ತಿತ್ತು. ನಮ್ಮ ಕಾಲ ಕೆಳಗೂ ಸಣ್ಣಗೆ ನಡುಕ ಹುಟ್ಟಿತು. ಬಿಳಿ ಹಡಗು ಹೊರಡುವುದರಲ್ಲಿತ್ತು.

“ನಿನ್ನೆ ಲಿಫ್ಟಿನಲ್ಲಿ ಹೇಳ್ಬೇಕು ಅಂದ್ಕೊಂಡೆ,” ಎಂದ ಅವನು. “ನೀವು ಹಾಗೆ ಇಳಿದು ಹೋದ್ರಲ್ಲ, ನಿಮಗೆ ನಾನು ಬೇಡ ಅನ್ನಿಸ್ತು. ಬೇಡ ಅಂದವರ ಎದುರಿಗೆ ಕೂತು ಇನ್ನೊಂದು ವಾರ ಊಟ ಮಾಡೋ ಶಕ್ತಿ ನನಗಿರಲಿಲ್ಲ. ಅದಕ್ಕೆ ಓಡಿ ಬಂದೆ. ನಾನು ನಿಮ್ಮನ್ನ ಇಷ್ಟಪಟ್ಟಿದ್ದೀನಿ. ತುಂಬಾ. ನೀವು ಸಿಟ್ಟು ಮಾಡ್ಕೊಂಡಾಗ ಇನ್ನೂ ಹೆಚ್ಚು, ಏನು ಮಾಡ್ಲಿ.”

ನನ್ನ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಅದು ಎಂಜಿನಿನ ನಡುಕವೋ ನನ್ನದೋ ತಿಳಿಯಲಿಲ್ಲ. ಬಾಯಿಗೆ ಮಾತ್ರ ಎಂದಿನದೇ ದಾರಿ ಗೊತ್ತಿತ್ತು.

“ನಿಮಗೆ ಬುದ್ಧಿ ಇದೆಯಾ?” ಎಂದೆ. “ನಾನು ಯಾಕೆ ಇಳಿದು ಹೋದೆ ಅಂತ ಬಂದು ಕೇಳೋಕೆ ಆಗ್ತಿರಲಿಲ್ವಾ? ಬೇಡ ಅಂದವಳು ಹಾಗೆ ಓಡ್ತಾಳಾ? ಬೇಡ ಅಂದವಳು ಅಲ್ಲೇ ನಿಂತು ಬೇಡ ಅಂತಾಳೆ. ಬೇಡ ಅನ್ನೋಕೆ ನನಗೇನು ಭಯ? ಒಂದು ಮಾತು ಕೇಳಿದ್ದಿದ್ರೆ ನಾನು ಹೊಟ್ಟೆ ಹಿಡ್ಕೊಳ್ಳೋದು ಬೇಕಿರಲಿಲ್ಲ, ಅತ್ತೆ ಹತ್ರ ಬೈಸ್ಕೊಳ್ಳೋದು ಬೇಕಿರಲಿಲ್ಲ, ಇಷ್ಟು ದೊಡ್ಡ ಹಡಗು ಬದಲಾಯಿಸೋದು ಬೇಕಿರಲಿಲ್ಲ.”

ಹೇಳುತ್ತಾ ಹೇಳುತ್ತಾ ನನ್ನ ಕೈ ಮೇಲೆ ಹೋಗಿ ಅವನ ಕಾಲರಿನ ಒಳಮಡಿಕೆಯನ್ನು ಎಳೆದು ನೆಟ್ಟಗೆ ಮಾಡಿತು. ಅವನು ಉಸಿರು ಬಿಡದೆ ನಿಂತ. ಕುತ್ತಿಗೆ ಬೆಚ್ಚಗಿತ್ತು. ಕಾಲರು ಸರಿಯಾದ ಮೇಲೂ ಕೈ ಅಲ್ಲೇ ಉಳಿಯಿತು.

“ಕೇಳಿದ್ದಿದ್ರೆ ಒಪ್ತಿದ್ರಾ?” ಎಂದ ಅವನು ಮೆಲ್ಲಗೆ.

“ಇಲ್ಲ. ನನಗೆ ಭಯ ಆಗ್ತಿತ್ತು. ಇನ್ನೊಂದು ಹಡಗು ಹುಡುಕ್ತಿದ್ದೆ.”

“ಈಗ?”

ನಾನು ಬಂದರಿನ ಕಡೆ ನೋಡಿದೆ. ಹಗ್ಗ ಬಿಚ್ಚಿಯಾಗಿತ್ತು. ನೀಲಿ ಹಡಗು ದೂರದಲ್ಲಿ ಬೆರಳಷ್ಟಾಗಿತ್ತು, ದಡಕ್ಕೂ ನಮಗೂ ನಡುವೆ ನೀರು ಅಗಲವಾಗುತ್ತಿತ್ತು.

“ಈಗ ಹೋಗೋಕೆ ಬೇರೆ ಹಡಗೆಲ್ಲಿದೆ?” ಎಂದು ಅವನ ಎದೆಗೆ ಹಣೆಯಿಟ್ಟೆ.